ಕಸದ ಬುಟ್ಟಿಯಲ್ಲಿ ಹನ್ನೊಂದು ಹಾಡು

“ಅಕ್ಕಾ, ಪಾಸ್‌ವರ್ಡ್ ನಿಮಗೆ ಗೊತ್ತಂತಲ್ಲ?”

ಹೂವಿಡಲು ಬಗ್ಗಿದವನು ಇನ್ನೂ ನೆಟ್ಟಗೆ ನಿಂತಿರಲಿಲ್ಲ. ಶವಪೆಟ್ಟಿಗೆಯ ಅಂಚಿಗೆ ಕೈ ಊರಿ, ಅಕ್ಕನ ಸತ್ತ ತಮ್ಮನ ಮುಖದ ಮೇಲಿಂದಲೇ ಅವಳ ಕಿವಿಗೆ ಬಾಯಿ ತಂದು ಕೇಳಿದ. ಸಂಗೀತ ನಿರ್ದೇಶಕನಾದ್ದರಿಂದ ಎಲ್ಲರ ಬಾಯಲ್ಲೂ ಅವನು ಡೈರೆಕ್ಟರು.

ಬೆಳಿಗ್ಗೆಯಿಂದ ಇದು ನಾಲ್ಕನೆಯ ಸಲ. ಕೀಬೋರ್ಡಿನವನು ಬಾಗಿಲಲ್ಲೇ ಕೇಳಿದ್ದ. ಕೊಳಲಿನವನು ಅತ್ತು, ಮೂಗೊರೆಸಿಕೊಂಡು, ಆಮೇಲೆ ಕೇಳಿದ್ದ; ಅಷ್ಟರಮಟ್ಟಿಗೆ ಮರ್ಯಾದಸ್ಥ. ಹಾಡು ಬರೆಯುವವನು ಮಾತ್ರ ಇಂಥ ಮಾತನ್ನು ತಾನು ಕೇಳಬಾರದೆಂದು ತನ್ನ ಹೆಂಡತಿಯಿಂದ ಕೇಳಿಸಿದ್ದ. ಇವರೆಲ್ಲರ ಹಾಡು ರೆಕಾರ್ಡ್ ಮಾಡುತ್ತಿದ್ದ ತಮ್ಮನು ಸ್ಟುಡಿಯೋದ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಸಿದು ಇನ್ನೂ ಒಂದು ದಿನ ತುಂಬಿರಲಿಲ್ಲ.

“ನಿಮ್ಮ ತಮ್ಮ ದೇವರಂಥ ಮನುಷ್ಯ,” ಎಂದ ಡೈರೆಕ್ಟರು. “ನಮ್ಮ ಸಿನಿಮಾದ್ದೆಲ್ಲ ಅವರ ಅಕೌಂಟಲ್ಲೇ ಇದೆ. ಫೋಲ್ಡರ್ ನಮಗೆ ಕಾಣ್ಸುತ್ತೆ, ಹೊಸದು ಹಾಕಕ್ಕೆ ಹೋದ್ರೆ ಜಾಗ ಇಲ್ಲ ಅನ್ನುತ್ತೆ. ಶುಕ್ರವಾರ ಕೊಡ್ಬೇಕು. ಪಾಸ್‌ವರ್ಡ್ ಕೊಟ್ರೆ ನಾನೇ ಒಳಗೆ ಹೋಗಿ ಸ್ವಲ್ಪ ಕ್ಲೀನ್ ಮಾಡ್ಕೋತೀನಿ.”

“ಮೊದ್ಲು ಅವನನ್ನ ಕಳಿಸ್ತೀನಪ್ಪಾ. ಆಮೇಲೆ ಕಸ ಗುಡಿಸೋಣ.”

ಅವನಿಗೆ ಚುಚ್ಚಿದ್ದು ತಾಗಲಿಲ್ಲ. “ಹಾಗಾದ್ರೆ ಸಂಜೆಗೆ,” ಎಂದು ಎರಡನೆಯ ಸಾಲಿನ ಕುರ್ಚಿಯಲ್ಲಿ ಹೋಗಿ ಕೂತ.

ಅಕ್ಕ ಶಾಲೆಯ ಮಕ್ಕಳಿಗೆ ಯೂನಿಫಾರ್ಮ್ ಹೊಲಿಯುವವಳು. ಮುಂದಿನ ಕೋಣೆಯ ಎರಡು ಹೊಲಿಗೆ ಯಂತ್ರಗಳನ್ನು ಗೋಡೆಗೆ ತಳ್ಳಿ, ಕತ್ತರಿಸಿಟ್ಟ ನೀಲಿ ತೋಳುಗಳನ್ನು ಮೂಟೆ ಕಟ್ಟಿ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆಯೇ ಪೆಟ್ಟಿಗೆ ಇಡಿಸಿದ್ದಳು. ನಾಲ್ಕು ಗಂಟೆಗೆ ವ್ಯಾನು ಹೊರಡಬೇಕು. ಅದಕ್ಕೆ ಮೊದಲು ತಮ್ಮನದೇ ಒಂದು ಹಾಡನ್ನು ಈ ಜನಕ್ಕೆ ಕೇಳಿಸಬೇಕು ಎಂಬುದೊಂದೇ ಅವಳ ಹಟ. ಅವನು ಹಾಡುತ್ತಿದ್ದ ಎಂಬುದೇ ಇಲ್ಲಿ ಕೂತ ಅರ್ಧ ಜನಕ್ಕೆ ಗೊತ್ತಿಲ್ಲ. ಹಾಡು ತರಲೆಂದು ಕೋರಸ್‌ನಲ್ಲಿ ಹಾಡುವ ಹೆಂಗಸನ್ನು ಸ್ಟುಡಿಯೋಗೆ ಕಳಿಸಿದ್ದಳು.

* * *

ಒಂದು ತಿಂಗಳ ಹಿಂದೆ ಪ್ಯಾಂಟಿನ ಉದ್ದ ಮೊಟಕು ಮಾಡಿಸಿಕೊಳ್ಳಲು ಬಂದಿದ್ದ ತಮ್ಮ ಇದೇ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದ್ದ.

“ಅಕ್ಕಾ, ಆ ಪಾಸ್‌ವರ್ಡ್ ಸ್ವಲ್ಪ ಹೇಳೇ.”

ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಅವಳೇ ಬರೆದಿಟ್ಟಿದ್ದಳು. ಯಾವ ಹಾಡಿನ ಯಾವ ಸಾಲಲ್ಲಿ ಯಾರು ಉಸಿರೆಳೆದರು ಎಂಬುದು ಇಪ್ಪತ್ತು ವರ್ಷವಾದರೂ ನೆನಪಿಟ್ಟುಕೊಳ್ಳುವ ಮನುಷ್ಯನಿಗೆ ಎಂಟು ಅಕ್ಷರ ನೆನಪಿರುತ್ತಿರಲಿಲ್ಲ.

“ಎಲ್ಲಾರದ್ದೂ ಇಂಟರ್‌ನೆಟ್ ಕ್ಲೌಡಲ್ಲಿ, ಆಕಾಶದಲ್ಲಿ ಇಟ್ಟಿದೀನಿ. ಸ್ಟುಡಿಯೋಗೆ ಬೆಂಕಿ ಬಿದ್ರೂ ಒಂದು ಹಾಡು ಸುಡಲ್ಲ ನೋಡು.”

“ಆಕಾಶದಲ್ಲಿ ಜಾಗ ಯಾರಪ್ಪಂದು?”

“ನಂದೇ!” ಎಂದು ನಕ್ಕಿದ್ದ. ಅಷ್ಟರಲ್ಲಿ ಡೈರೆಕ್ಟರ ಫೋನು. ಜಾಗ ತುಂಬಿಹೋಗಿದೆ, ಏನಾದರೂ ಮಾಡು, ನನ್ನ ಒಂದು ಟೇಕನ್ನೂ ಅಳಿಸಬೇಡ. ಅಕ್ಕನಿಗೂ ಕೇಳುವಷ್ಟು ಗಟ್ಟಿ ದನಿ. ತಮ್ಮ ಆಗಲಿ ಆಗಲಿ ಎಂದು ಫೋನಿಟ್ಟು, ಅಂಗೈಯಗಲದ ಡಿಸ್ಕೊಂದನ್ನು ಸಿಕ್ಕಿಸಿದ.

“ಏನ್ ಮಾಡ್ತಿದೀಯ?”

“ನನ್ನ ಹನ್ನೊಂದು ಹಾಡು ಇದಕ್ಕೆ ಹಾಕ್ಕೊಂಡು ಮೇಲಿಂದ ತೆಗೀತೀನಿ. ನಂಗೇನು ಅವಸರ?”

ಇಪ್ಪತ್ತೈದು ವರ್ಷ ಅವನು ಬೇರೆಯವರಿಗಾಗಿ ಹಾಡಿದ್ದ. ಗಾಯಕರು ಬರುವ ಮೊದಲು, ಅವರು ಕೇಳಿ ಕಲಿಯಲಿ ಎಂದು ಇಡೀ ಹಾಡನ್ನು ತಾನೇ ಒಮ್ಮೆ ಹಾಡಿ ಇಡುತ್ತಿದ್ದ. ಅದಕ್ಕೆ ಗೈಡ್ ಎಂದು ಹೆಸರು. ಗಾಯಕರು ಬಂದು, ಕೇಳಿ, ಹಾಡಿ, ಹೋದ ಮೇಲೆ ಅವನ ದನಿಯನ್ನು ಅವನೇ ಅಳಿಸುತ್ತಿದ್ದ. ಅಳಿಸದೆ ಉಳಿಸಿಕೊಂಡದ್ದು ಈ ಹನ್ನೊಂದೇ. ಮಾತು ಅವನದು, ರಾಗ ಅವನದು, ದನಿ ಅವನದು. “ಇನ್ನೂ ಸ್ವಲ್ಪ ಕೆಲಸ ಇದೆ” ಎನ್ನುತ್ತ ಅಕ್ಕನಿಗೂ ಪೂರ್ತಿ ಕೇಳಿಸಿರಲಿಲ್ಲ.

“ಊರಿಗೆ ಉಪಕಾರಿ, ಮನೆಗೆ ಮಾರಿ,” ಎಂದು ಅಕ್ಕ ಬೈದಳು.

“ಮನೇಲಿ ನೀನೊಬ್ಳೇ ತಾನೇ ಇರೋದು? ಮಾರಿ ಯಾರು ಅಂತ ಎಲ್ರಿಗೂ ಗೊತ್ತು. ಪ್ಯಾಂಟು ಕೊಡು, ಹೊತ್ತಾಯ್ತು.”

* * *

ಕೋರಸ್‌ನವಳು ಮೂರು ಗಂಟೆಗೆ ಓಡೋಡಿ ಬಂದಳು. ಒಂದು ಕೈಯಲ್ಲಿ ಲ್ಯಾಪ್‌ಟಾಪು, ಇನ್ನೊಂದರಲ್ಲಿ ಡಿಸ್ಕು. ಅಕ್ಕನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು.

“ಅಕ್ಕಾ, ಇದ್ರಲ್ಲಿ ಹಾಡಿಲ್ಲ.”

“ಇಲ್ಲ ಅಂದ್ರೆ? ನನ್ನ ಕಣ್ಣೆದುರಿಗೇ ಹಾಕ್ಕೊಂಡ.”

“ಬರೀ ಪ್ರಾಜೆಕ್ಟ್ ಫೈಲ್ ಹಾಕ್ಕೊಂಡಿದಾರೆ. ಯಾವ ಸಾಲಲ್ಲಿ ಏನು ಬರ್ಬೇಕು, ಎಲ್ಲಿ ಜೋರು, ಎಲ್ಲಿ ಮೆಲ್ಲಗೆ, ಅದಷ್ಟೇ ಇದೆ. ದನಿ ಇದ್ದದ್ದು ಪಕ್ಕದ ಫೋಲ್ಡರಲ್ಲಿ. ಅದನ್ನ ತಗೊಂಡೇ ಇಲ್ಲ. ತೆರೆದ್ರೆ ಆಡಿಯೊ ಸಿಗ್ತಿಲ್ಲ ಅನ್ನುತ್ತೆ.”

“ಅಳತೆ ಚೀಟಿ ಇದೆ, ಬಟ್ಟೆ ಇಲ್ಲ. ಹಾಗೆ ತಾನೆ?”

“ಹೂಂ.”

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಬೇರೆಯವರದಾದರೆ ಮೂರು ಮೂರು ಸಲ ತೆರೆದು, ಕೇಳಿ, ಆಮೇಲೆ ಅಳಿಸುತ್ತಿದ್ದವನು! ತನ್ನದೆಂದ ಕೂಡಲೇ ಇಷ್ಟು ಅಸಡ್ಡೆ. ಹೋಗಿ ಪೆಟ್ಟಿಗೆಯಿಂದ ಎಬ್ಬಿಸಿ ಕೂರಿಸಿ ಕೆನ್ನೆಗೆರಡು ಬಿಡಬೇಕು ಎನ್ನಿಸಿತು. ಅಳು ಬಂತು. ಅದನ್ನೂ ಸಿಟ್ಟಿನಿಂದಲೇ ನುಂಗಿದಳು.

“ಇನ್ನೊಂದು ದಾರಿ ಇದೆ,” ಎಂದಳು ಕೋರಸ್‌ನವಳು. “ಮೇಲೆ ಅಳಿಸಿದ್ದು ಮೂವತ್ತು ದಿನ ಕಸದ ಬುಟ್ಟೀಲಿ ಇರುತ್ತೆ. ಪಾಸ್‌ವರ್ಡ್ ಕೊಡಿ, ನೋಡೋಣ.”

ಅಳತೆ ಪುಸ್ತಕ ಬಂತು. ಬುಟ್ಟಿ ತೆರೆಯಿತು. ಹನ್ನೊಂದೂ ಇದ್ದವು, ದನಿಯ ಸಮೇತ. ಇಂದು ಸಂಜೆ ಆರಕ್ಕೆ ಪೂರ್ತಿ ಅಳಿಯುತ್ತವೆ ಎಂದು ಕೆಳಗೆ ಕೆಂಪಕ್ಷರದಲ್ಲಿ ಬರೆದಿತ್ತು. ಕೋರಸ್‌ನವಳು ವಾಪಸ್ ತರುವ ಗುಂಡಿ ಒತ್ತಿದಳು. ಜಾಗ ಸಾಲದು ಎಂದಿತು. ಬುಟ್ಟಿಯಲ್ಲಿದ್ದದ್ದಕ್ಕೆ ಜಾಗದ ಲೆಕ್ಕವಿಲ್ಲ, ಹೊರಗೆ ಬರಬೇಕಾದರೆ ಜಾಗ ಬೇಕು; ಬುಟ್ಟಿಯಿಂದಲೇ ಇಳಿಸಿಕೊಳ್ಳಲು ಬರುವುದಿಲ್ಲ.

“ಹೆಚ್ಚಿಗೆ ಜಾಗ ತಗೊಳ್ಳಕ್ಕಾಗಲ್ವಾ?”

“ಇದೇ ಎಲ್ಲಕ್ಕಿಂತ ದೊಡ್ಡದು ಅಕ್ಕಾ. ಇದಕ್ಕಿಂತ ಬೇಕಂದ್ರೆ ಕಂಪನಿಗೆ ಬರೆದು ವಾರಗಟ್ಟಲೆ ಕಾಯ್ಬೇಕು.”

“ಯಾರು ಇಷ್ಟು ತುಂಬ್ಸಿರೋದು?”

ಕೋರಸ್‌ನವಳು ಬೆರಳಿಟ್ಟು ತೋರಿಸಿದಳು. ಮುಕ್ಕಾಲು ಪಾಲು ಒಂದೇ ಫೋಲ್ಡರು, ಡೈರೆಕ್ಟರ ಸಿನಿಮಾದ್ದು. ಒಂದೊಂದು ಹಾಡಿಗೆ ನಲವತ್ತು ಟೇಕು. ‘ಫೈನಲ್’, ‘ಫೈನಲ್ ಫೈನಲ್’, ‘ಇದೇ ಫೈನಲ್’, ‘ಇದಲ್ಲ ಹಳೇದೇ ಫೈನಲ್’.

“ಕರಿ ಅವನನ್ನ.”

ಡೈರೆಕ್ಟರು ಪಾಸ್‌ವರ್ಡ್ ಸಿಕ್ಕಿತೆಂಬ ಮುಖ ಹೊತ್ತು ಒಳಗೆ ಬಂದ. ಅಕ್ಕ ವಿಷಯ ಹೇಳಿದಳು. ಕೈ ಮುಗಿಯದಿದ್ದರೂ ದನಿ ತಗ್ಗಿಸಿಯೇ ಕೇಳಿದಳು. “ಬೇಡದ ಟೇಕು ಒಂದಿಷ್ಟು ತೆಗೀರಿ. ಇಲ್ಲಾಂದ್ರೆ ನಿಮ್ಮ ಕಂಪ್ಯೂಟರಿಗೆ ಇಳಿಸ್ಕೊಳ್ಳಿ. ಆರು ಗಂಟೆ ಒಳಗೆ ಆಗ್ಬೇಕು.”

“ಇಳಿಸಕ್ಕೆ ಎರಡು ದಿನ ಬೇಕಕ್ಕಾ. ತೆಗೆಯೋಣ ಅಂದ್ರೆ ಯಾವುದು ಬೇಕಾಗುತ್ತೋ ಯಾರಿಗ್ಗೊತ್ತು?”

“ಅವನ ದನಿ ಇರೋದು ಇಷ್ಟೇ. ಇದು ಹೋದ್ರೆ ಇನ್ನಿಲ್ಲ.”

“ನಂಗೂ ಸಂಕಟ ಆಗುತ್ತಕ್ಕಾ. ಆದ್ರೆ ಅದು ಅವರ ಹವ್ಯಾಸ. ಇದು ಕೆಲಸ.” ಆಮೇಲೆ ಸಮಾಧಾನ ಮಾಡುವವನಂತೆ, “ಅವರಿದ್ದಿದ್ರೆ ಅವರೂ ಇದನ್ನೇ ಹೇಳ್ತಿದ್ರು,” ಎಂದ.

ಅದು ನಿಜ. ನಿಜವಾದ್ದರಿಂದಲೇ ಅಕ್ಕನಿಗೆ ತಡೆಯಲಾಗಲಿಲ್ಲ.

“ಹೌದಪ್ಪಾ, ಹೇಳ್ತಿದ್ದ. ಅದಕ್ಕೇ ನಿನ್ನಂಥೋರು ಇಪ್ಪತ್ತೈದು ವರ್ಷ ಅವನ ತಲೆ ಮೇಲೆ ಕೂತಿದ್ದು. ಅವನಿಲ್ಲ ಈಗ. ನಾನಿದೀನಿ.”

ಹೊರಗೆ ವ್ಯಾನಿನವನು ಹೊತ್ತಾಯಿತೆಂದು ಕೂಗಿದ. “ಬನ್ನಿ, ಕೈ ಹಾಕ್ಬೇಕು,” ಎಂದು ಯಾರೋ ಬಾಗಿಲು ತಟ್ಟಿದರು. ಡೈರೆಕ್ಟರು ತಲೆ ತಗ್ಗಿಸಿ, ಬಚಾವಾದೆ ಎಂಬಂತೆ ಹೋದ. ಮುಂದಿನ ತುದಿಯಲ್ಲಿ, ಎಲ್ಲರಿಗೂ ಕಾಣುವ ಕಡೆ, ಪೆಟ್ಟಿಗೆಗೆ ಕೈ ಕೊಟ್ಟು ನಿಂತ. ಜೊತೆಗೆ ಕೀಬೋರ್ಡಿನವನು, ಕೊಳಲಿನವನು, ಹಾಡು ಬರೆಯುವವನು.

ಅಕ್ಕ ಲ್ಯಾಪ್‌ಟಾಪನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

“ಅವನ ಫೋಲ್ಡರ್ ಅಳಿಸಕ್ಕೆ ಎಲ್ಲಿ ಒತ್ಬೇಕು?”

“ಅಕ್ಕಾ, ಒಂದ್ಸಲ ಯೋಚ್ನೆ ಮಾಡಿ. ನಾನು ಹಾಡಿದ್ದೂ ಅದ್ರಲ್ಲಿದೆ.”

“ಅವರದೂ ಬುಟ್ಟಿಗೇ ತಾನೆ ಹೋಗೋದು?”

“ಹೂಂ. ಮೂವತ್ತು ದಿನ.”

“ಸಾಕಲ್ಲ. ಬೇಕಾದೋರು ಬಂದು ನನ್ನ ಕೇಳ್ಲಿ. ನಿಂದು ಮೊದ್ಲು ತೆಗೆದುಕೊಡ್ತೀನಿ.”

ಪರದೆಯ ಮೇಲೆ ಒಂದು ಚೌಕ ಎದ್ದಿತು. ಅಕ್ಕನಿಗೆ ಕನ್ನಡಕ ಸಿಗದೆ ಕೋರಸ್‌ನವಳೇ ಓದಿದಳು. ಈ ಫೋಲ್ಡರನ್ನು ಹದಿನಾಲ್ಕು ಜನರೊಂದಿಗೆ ಹಂಚಿಕೊಳ್ಳಲಾಗಿದೆ. ಅಳಿಸಿದರೆ ಎಲ್ಲರಿಗೂ ತಿಳಿಸಲಾಗುವುದು.

“ತಿಳೀಲಿ,” ಎಂದು ಅಕ್ಕ ಒತ್ತಿದಳು. ಬುಟ್ಟಿಯಿಂದ ಮೊದಲ ಹಾಡು ಮೇಲೆ ಬರತೊಡಗಿತು, ನೂರರಲ್ಲಿ ಮೂರು ಪಾಲು, ನಾಲ್ಕು ಪಾಲು. ಕೋರಸ್‌ನವಳನ್ನು ಅಲ್ಲೇ ಕಾವಲು ಕೂರಿಸಿ, ಮುಖ ತೊಳೆದುಕೊಂಡು ಅಕ್ಕ ಹೊರಗೆ ಬಂದಳು.

ಪೆಟ್ಟಿಗೆ ಹೊಸಿಲು ದಾಟುತ್ತಿತ್ತು. ಜನ ಮಾತು ನಿಲ್ಲಿಸಿ ಎದ್ದು ನಿಂತಿದ್ದರು. ಆ ಮೌನದಲ್ಲಿ ಮೊದಲು ಕೀಬೋರ್ಡಿನವನ ಜೇಬು ಗುರ್ರೆಂದಿತು. ಆಮೇಲೆ ಕೊಳಲಿನವನದು. ಹಿಂದಿನ ಸಾಲಿನಲ್ಲಿ ಎರಡು, ಕಿಟಕಿಯ ಹತ್ತಿರ ಒಂದು, ಹಾಡು ಬರೆಯುವವನ ಹೆಂಡತಿಯ ಚೀಲದೊಳಗೆ ಇನ್ನೊಂದು. ಪೆಟ್ಟಿಗೆ ಹಿಡಿಯದವರು ಫೋನು ತೆಗೆದು ನೋಡಿದರು, ನೋಡಿ ಡೈರೆಕ್ಟರ ಕಡೆ ತಿರುಗಿದರು.

ಡೈರೆಕ್ಟರ ಎರಡೂ ಕೈ ಪೆಟ್ಟಿಗೆಯ ಕೆಳಗಿದ್ದವು. ಹೊಸಿಲಾಚೆಯ ಮೆಟ್ಟಿಲು ಕಡಿದಾಗಿದ್ದರಿಂದ ಭಾರವೆಲ್ಲ ಮುಂದಕ್ಕೆ, ಅವನ ಮೇಲೆಯೇ ಬಂದಿತ್ತು. ಅಂಗಿಯ ಜೇಬು ಹಲಗೆಗೆ ಒತ್ತಿ ಹಿಡಿದಂತಿತ್ತು. ಒಳಗಿದ್ದ ಫೋನು ಆ ಮರವನ್ನು ಬಡಿಯುತ್ತಿತ್ತು, ನಿಂತು ಮತ್ತೆ ಬಡಿಯುತ್ತಿತ್ತು. ಅವನು ಕೈ ಬಿಡುವಂತಿರಲಿಲ್ಲ.