ಡಾಕ್ಟರ ಭುಜದ ಹಿಂದೆ

ನಾನು ಹ್ಯಾಂಡ್‌ಬಾಲ್ ಆಡಿದವಳಲ್ಲ. ಕ್ಲಬ್ಬಿನ ಕ್ಯಾಂಟೀನಿನಲ್ಲಿ ಮೂವತ್ತು ವರ್ಷ ಕಾಫಿ ಹಾಕಿಕೊಟ್ಟವಳು. ಇದನ್ನು ಹೇಳಹೊರಟಿದ್ದು ಅಧಿಕಪ್ರಸಂಗ ಅನಿಸಿದರೆ ಮನ್ನಿಸಬೇಕು.

ಚರ್ಚಿನ ಮೆಟ್ಟಿಲಿಳಿಯುವಾಗ ಶವಪೆಟ್ಟಿಗೆ ವಾಲಿತು. ಮುಂದೆ ಹಿಡಿದಿದ್ದ ಕಿರ್ಸ್ಟೆನ್ ಮಂಡಿ ಕೊಟ್ಟು ತಡೆದಳು.

"ಬಿಟ್ಟುಬಿಟ್ಟೀಯ, ಹುಷಾರು," ಹಿಂದಿನಿಂದ ಹಳೆಯ ಕೋಚ್ ಪೌಲ್ ಏದುಸಿರಿನಲ್ಲೇ ಅಂದ. "ಗೋಲಲ್ಲಿ ನಿಂತಾಗ್ಲೂ ಇವಳನ್ನ ಅಲ್ಲಾಡಿಸೋಕೆ ಯಾರ ಕೈಲೂ ಆಗ್ತಿರ್ಲಿಲ್ಲ."

"ಬಾಯಿ ಮುಚ್ಕೊಂಡು ನಡಿ, ಪೌಲ್."

ಪೆಟ್ಟಿಗೆಯೊಳಗಿದ್ದವಳು ವಿಬೆಕೆ, ಹನ್ನೊಂದು ವರ್ಷ ನಮ್ಮ ಊರಿನ ತಂಡದ ಗೋಲ್‌ಕೀಪರ್. ಐವತ್ತೊಂದು ವಯಸ್ಸು. ತಲೆಯ ಕಾಯಿಲೆಯಿಂದ ಬೆಳಕು ತಡೆಯಲಾಗದೆ ಕೊನೆಯ ಒಂಬತ್ತು ವರ್ಷ ಅವಳ ಮನೆಯ ಪರದೆಗಳನ್ನು ಸರಿಸಿರಲಿಲ್ಲ. ಕಳೆದ ವಾರ ಆ ಕತ್ತಲಲ್ಲೇ ನೆಲಮಾಳಿಗೆಯ ಮೆಟ್ಟಿಲಿನಿಂದ ಬಿದ್ದಳು.

ಪಾದ್ರಿ ಮೂರು ಸಲ ಮಣ್ಣು ಹಾಕಿದ ಮೇಲೆ ಎಲ್ಲರೂ ಕ್ಲಬ್ಬಿಗೆ ಬಂದರು. ಪೌಲ್ ಕಪ್ಪಿಗೆ ಚಮಚ ಬಡಿದು ಎದ್ದು ನಿಂತ.

"ಫೈನಲ್‌ನಲ್ಲಿ ಚೆಂಡು ಕಪಾಳಕ್ಕೇ ಬಡೀತು. ಬಿದ್ಲು, ಎದ್ಲು! ಆಮೇಲೆ ಇನ್ನೆರಡನ್ನ ತಲೇಲೇ ತಡೆದ್ಲು. ಅಂಥೋರು ಈಗ ಎಲ್ಲಿದ್ದಾರೆ?"

ಎಲ್ಲರೂ ತಲೆಯಾಡಿಸಿದರು. ವಿಬೆಕೆಯ ಮಗಳು ಆಸ್ಟ್ರಿಡ್ ಮಾತ್ರ ಎದ್ದು ಕಿಟಕಿಯ ಬಳಿಯಿದ್ದ ಕಿರ್ಸ್ಟೆನ್ ಹತ್ತಿರ ಬಂದಳು. ನಾನು ಅಲ್ಲೇ ಕಾಫಿ ಬಗ್ಗಿಸುತ್ತಿದ್ದೆ.

"ನೀನು ಅಮ್ಮನ ಜೊತೇಲೇ ಆಡ್ದೋಳು. ಒಂದು ಕೇಳ್ಲಾ?"

"ಕೇಳು."

"ನೆನಪು ಹೇಗಿದೆ ನೋಡೋಕೆ, ಇದು ವರ್ಷದ ಎಷ್ಟನೇ ವಾರ ಅಂತ ಡಾಕ್ಟ್ರು ಕೇಳಿದಾಗೆಲ್ಲ ಅಮ್ಮ ಅವರ ಮುಖ ನೋಡ್ತಿರ್ಲಿಲ್ಲ. ಅವರ ಭುಜದ ಹಿಂದೆ ನೋಡ್ತಾ ಕಾಯ್ತಿದ್ಲು. ನಾನೂ ತಿರುಗಿ ನೋಡ್ತಿದ್ದೆ. ಬರೀ ಗೋಡೆ. ಏನು ಹುಡುಕ್ತಿದ್ಲು ಅವಳು?"

ಕಿರ್ಸ್ಟೆನ್ ಇನ್ನಷ್ಟು ಹಾಕೆಂಬಂತೆ ಅರ್ಧ ತುಂಬಿದ್ದ ಕಪ್ಪನ್ನು ನನ್ನತ್ತ ಚಾಚಿದಳು.

*

ಫೈನಲ್ ಮುಗಿಯಲು ಹನ್ನೆರಡು ನಿಮಿಷವಿತ್ತು. ಬಿದ್ದ ವಿಬೆಕೆ ಎದ್ದಳೇನೋ ನಿಜ. ಆದರೆ ಅಂಗಳಕ್ಕೆ ಬೆನ್ನು ಹಾಕಿ ತನ್ನದೇ ಗೋಲಿನ ಬಲೆ ನೋಡುತ್ತಾ ನಿಂತಳು. ತಂಡದ ಡಾಕ್ಟರು ಓಡಿಬಂದು ಅವಳನ್ನು ಕೂರಿಸಿದರು. ಬೆಂಚಿನಲ್ಲಿದ್ದ ಎರಡನೇ ಗೋಲ್‌ಕೀಪರ್ ಆಗಲೇ ಮೇಲಂಗಿ ಕಳಚಿದ್ದಳು.

"ನಾವೀಗ ಎಷ್ಟು ಗೋಲು ಮುಂದಿದೀವಿ, ಹೇಳು?"

ಡಾಕ್ಟರ ಬೆನ್ನ ಹಿಂದೆ ಕಿರ್ಸ್ಟೆನ್ ನಿಂತಿದ್ದಳು. ಹಾಗೆ ನಿಂತು ಬೆರಳಿನಲ್ಲಿ ಉತ್ತರ ತೋರಿಸುವುದು ಆ ತಂಡದಲ್ಲಿ ಎಲ್ಲರಿಗೂ ಗೊತ್ತಿದ್ದ ಉಪಾಯ. ಹಿಂದಿನ ಚಳಿಗಾಲ ಕಿರ್ಸ್ಟೆನ್‌ಗೆ ಪೆಟ್ಟಾದಾಗ ವಿಬೆಕೆ ಹೀಗೇ ನಿಂತಿದ್ದಳು. ಬಸ್ಸಿನಲ್ಲಿ ಇಬ್ಬರೂ ಹೊಟ್ಟೆ ಹಿಡಿದು ನಕ್ಕಿದ್ದರು. ಚೆಂಡು ಜಾರದಿರಲೆಂದು ಬಳಿದ ರಾಳಕ್ಕೆ ಕಿರ್ಸ್ಟೆನ್‌ಳ ಬೆರಳುಗಳು ಒಂದಕ್ಕೊಂದು ಅಂಟಿದ್ದವು. ಬಿಡಿಸಿ, ಭುಜದೆತ್ತರಕ್ಕೆ ಮೂರು ತೋರಿಸಿದಳು.

ವಿಬೆಕೆ ಬಹಳ ಹೊತ್ತು ಅತ್ತ ನೋಡಿದಳು.

"ಮೂರು."

ಬೆಂಚಿನ ಹುಡುಗಿ ಮತ್ತೆ ಮೇಲಂಗಿ ತೊಟ್ಟುಕೊಂಡಳು.

*

"ಏನೂ ಹುಡುಕ್ತಿರ್ಲಿಲ್ಲ ಬಿಡು," ಹತ್ತಿರ ಬಂದ ಪೌಲ್ ಅಂದ. ಅವನು ಕಿರ್ಸ್ಟೆನ್ ಕಡೆ ನೋಡಿ ಬೇಡವೆಂಬಂತೆ ತಲೆಯಾಡಿಸಿದ್ದನ್ನು ನಾನು ಕಂಡೆ. "ಅವಳಿಗೆ ಹುಷಾರಿರ್ಲಿಲ್ಲ, ಅಷ್ಟೇ. ಬನ್ನು ತಿನ್ನು."

"ನಿನ್ನ ಕೇಳ್ಲಿಲ್ಲ ನಾನು."

ಹೊರಗೆ ಅರ್ಧಕ್ಕಿಳಿಸಿದ್ದ ಬಾವುಟವನ್ನು ಕಾವಲಿನವನು ಮೇಲೇರಿಸುತ್ತಿದ್ದ. ಮಣ್ಣಾದ ಮೇಲೆ ತುದಿಗೇರಿಸುವುದು ನಮ್ಮಲ್ಲಿ ರೂಢಿ. ಕಿರ್ಸ್ಟೆನ್ ಕಪ್ಪು ಕೆಳಗಿಟ್ಟಳು.

"ನನ್ನ ಕೈನ," ಅಂದಳು. "ನನ್ನ ಕೈನ ಹುಡುಕ್ತಿದ್ಲು."

ಆ ಹನ್ನೆರಡು ನಿಮಿಷ ಹೊರಗೆ ಕೂತಿದ್ದರೆ ವಿಬೆಕೆ ಉಳಿಯುತ್ತಿದ್ದಳೋ ಇಲ್ಲವೋ, ಯಾವ ಡಾಕ್ಟರೂ ಖಂಡಿತವಾಗಿ ಹೇಳಿಲ್ಲ. ನನಗೂ ಗೊತ್ತಿಲ್ಲ. ಕಿರ್ಸ್ಟೆನ್ ಕೈಯನ್ನು ಭುಜದೆತ್ತರಕ್ಕೆ ಎತ್ತಿದ್ದು, ಈಗಲೂ ರಾಳ ಅಂಟಿರುವಂತೆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ್ದು ನೋಡಿದೆ. ಆಸ್ಟ್ರಿಡ್ ಕಣ್ಣು ಮಿಟುಕಿಸದೆ ಆ ಮೂರು ಬೆರಳುಗಳನ್ನೇ ನೋಡುತ್ತಿದ್ದಳು. ಕೈ ಕೆಳಗಿಳಿದದ್ದು ಯಾವಾಗ ಎಂದು ತಿಳಿಯದು. ನಾನು ಕಪ್ಪು ತೊಳೆಯಲು ಒಳಗೆ ಹೋದೆ.