ತೊಟ್ಟಿಯಲ್ಲಿ ಹದಿಮೂರನೆಯದು

ಮಾವ ಒಳ್ಳೆಯದನ್ನೇ ಮಾಡಲು ಹೊರಟಿದ್ದರು. ಸೊಸೆಗೆ ತಲೆ ಚಚ್ಚಿಕೊಳ್ಳುವಂತಾಗಿದ್ದೂ ಅದಕ್ಕೇ. ಬೇಕೆಂದೇ ಕೆಡಿಸಿದ್ದರೆ ಬಾಯ್ತುಂಬ ಬೈಯಬಹುದಿತ್ತು.

ನಾರಿನ ಹಾಸುಗಳನ್ನು ಅಂಟಿನಲ್ಲಿ ಅದ್ದಿ, ಅಚ್ಚಿನಲ್ಲಿ ಒತ್ತಿ, ಅವಳು ಹಿತ್ತಲಿನ ಶೆಡ್ಡಿನಲ್ಲಿ ಗುದ್ದಲಿಯ ಹಿಡಿ ಮಾಡುತ್ತಿದ್ದಳು. ಮರದ ಹಿಡಿಯ ಅರ್ಧ ತೂಕವೂ ಇಲ್ಲ. ಬೆಳೆಗಾರರ ಸಂಘದ ಕಾರ್ಯದರ್ಶಿ ಇವತ್ತು ಹತ್ತು ಗಂಟೆಗೆ ಬಂದು ಅಗೆದು ನೋಡುವವರಿದ್ದರು. ಒಪ್ಪಿದರೆ ಸಂಘಕ್ಕೆಲ್ಲ ಇವೇ ಹಿಡಿ. ಇಲ್ಲವಾದರೆ ಶೆಡ್ಡಿಗೆ ಬೀಗ.

ಏಳು ಗಂಟೆಗೆ ನೋಡಿದರೆ, ತೋರಿಸಲೆಂದು ಕಬ್ಬಿಣ ಕೂರಿಸಿಟ್ಟಿದ್ದ ಹನ್ನೆರಡು ಗುದ್ದಲಿಗಳೂ ನೀರಿನ ತೊಟ್ಟಿಯಲ್ಲಿ ತಲೆಕೆಳಗಾಗಿ ನಿಂತಿದ್ದವು.

ಮಾವ ನಲವತ್ತು ವರ್ಷ ಮರದ ಹಿಡಿ ಕೆತ್ತಿದ ಬಡಗಿ. ಹೊಸ ಗುದ್ದಲಿಯನ್ನು ನೆನೆಹಾಕಿದರೆ ಮರ ಉಬ್ಬಿ ಕಬ್ಬಿಣ ಬಿಗಿಯಾಗುತ್ತದೆ ಎಂಬುದು ಅವರಿಗೆ ಉಸಿರಾಡಿದಷ್ಟು ಸಹಜ.

“ಬಂದವರ ಎದುರಿಗೆ ಕಬ್ಬಿಣ ಕಳಚಿಬಿದ್ರೆ ನಿನ್ನ ಮರ್ಯಾದೆ ಏನಾಗಬೇಕಮ್ಮ?” ಎಂದರು.

ಹಿಡಿಗಳ ಕೊಯ್ದ ತುದಿಗಳು ನೀರು ಕುಡಿದು, ಒದ್ದೆ ರಟ್ಟಿನಂತೆ ಪದರ ಪದರವಾಗಿ ಬಿಚ್ಚಿಕೊಂಡಿದ್ದವು. ಗಂಡ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಂದು ನೋಡಿ, ಅಪ್ಪ ಬೇಕಂತ ಮಾಡಿಲ್ಲ ಕಣೇ ಎಂದ. ಹನ್ನೊಂದು ವರ್ಷದಿಂದ ಈ ಮನೆಯಲ್ಲಿ ಏನು ಒಡೆದರೂ ಅವನದು ಇದೇ ಮಾತು.

ಅವಳು ಒಂದೊಂದಾಗಿ ಎತ್ತಿ ಗೋಡೆಗೆ ಒರಗಿಸಿದಳು. ಹನ್ನೆರಡಾದ ಮೇಲೂ ತಳದಲ್ಲಿ ಒಂದು ಉಳಿದಿತ್ತು. ಅಚ್ಚು ಜಾರಿ ಸೊಟ್ಟಗಾಯಿತೆಂದು ಎಂಟು ತಿಂಗಳ ಹಿಂದೆ ಅವಳೇ ಬಿಸಾಡಿದ್ದ ಹಿಡಿ. ಈಗ ಅದಕ್ಕೆ ಕಬ್ಬಿಣ ಕೂತಿತ್ತು, ಮೈ ಕೈತಾಗಿ ನುಣ್ಣಗಾಗಿತ್ತು. ತುದಿಗೆ ಕಪ್ಪಗೆ ಡಾಂಬರು. ಒಂದು ಎಳೆಯೂ ಬಿಟ್ಟಿರಲಿಲ್ಲ.

ಮಾವ ಬೇಲಿಯ ಕಡೆ ನೋಡತೊಡಗಿದರು.

“ಇದನ್ನೂ ನೆನೆಸಿದ್ರಾ?”

“ಅದನ್ನ ಪ್ರತಿ ಭಾನುವಾರ ನೆನೆಸ್ತೀನಿ.”

ಊರಿಗೆಲ್ಲ ‘ನಮ್ಮ ಸೊಸೆಯ ಆಟಿಕೆ’ ಎಂದು ಹೇಳಿಕೊಂಡು ತಿರುಗಿದವರು, ಭುಜನೋವು ಶುರುವಾದಾಗಿನಿಂದ ಅದರಲ್ಲೇ ಅಗೆಯುತ್ತಿದ್ದರಂತೆ. ಮೊದಲ ವಾರವೇ ತುದಿ ಬಿಚ್ಚಿತು, ಡಾಂಬರು ಬಳಿದೆ, ಸರಿಹೋಯಿತು ಎಂದರು. ನನಗ್ಯಾಕೆ ಹೇಳಲಿಲ್ಲ ಎಂದು ಅವಳು ಹಲ್ಲುಕಚ್ಚಿ ಕೇಳಿದಳು.

“ನೀನು ಬಿಸಾಡಿದ್ದಲ್ವಾ, ಅದೊಂದೇ ಹಾಗೆ ಬಿಚ್ಕೊಳ್ಳೋದು ಅಂದ್ಕೊಂಡೆ. ಹೇಳಿದ್ರೆ ನಾನು ಅದನ್ನ ಉಪಯೋಗಿಸ್ತೀನಿ ಅಂತಲೂ ನಿಂಗೆ ಗೊತ್ತಾಗೋದು.”

ಹತ್ತಕ್ಕೆ ಕಾರ್ಯದರ್ಶಿ ಬಂದರು. ಅವಳು ಉಬ್ಬಿದ ಹನ್ನೆರಡನ್ನೂ ಮುಚ್ಚಿಡದೆ ತೋರಿಸಿ, ಸೊಟ್ಟ ಗುದ್ದಲಿಯನ್ನು ಕೈಗೆ ಕೊಟ್ಟಳು. ಆತ ಒಂದು ಸಾಲು ಅಗೆದು, ಎರಡು ಸಾಲು ಅಗೆದು, ನಮ್ಮವರು ಇದನ್ನು ಕೆಸರಲ್ಲೇ ಬಿಟ್ಟು ಹೋಗುತ್ತಾರಲ್ಲ ಎಂದರು. ಎಂಟು ತಿಂಗಳ ಭಾನುವಾರಗಳ ಲೆಕ್ಕವನ್ನು ಮಾವ ಒಪ್ಪಿಸಿದರು. ಎಲ್ಲಕ್ಕೂ ತುದಿಗೆ ಹೀಗೇ ಕಪ್ಪು ಬಳಿಯಿರಿ, ಹಿಡಿಯೂ ಹೀಗೇ ಸೊಟ್ಟಗಿರಲಿ, ಸೊಂಟಕ್ಕೆ ಹಿತ ಎಂದು ಹೇಳಿ ಆತ ಗುದ್ದಲಿ ಹೆಗಲಿಗೇರಿಸಿ ಗೇಟಿನತ್ತ ನಡೆದರು.

ನೆಟ್ಟಗೆ ಬರಲೆಂದು ಅವಳು ಐದು ಸಲ ಅಚ್ಚು ತಿದ್ದಿದ್ದಳು.

ಮಾವ ಹಿಂದೆಯೇ ಓಡಿದರು. “ಸ್ವಾಮಿ, ಅದು ನಂದು. ನಿಮಗೆ ಇವಳು ಬೇರೆ ಮಾಡಿಕೊಡ್ತಾಳೆ.”