ಹುಳ ಹಣ್ಣಾದ ಭಾನುವಾರ

ಊರಲ್ಲಿ ನನಗೆ ಬುರುಡೆ ಕದಿರಪ್ಪ ಅಂತಲೇ ಹೆಸರು. ಎದುರಿಗೇ ಹಾಗೆ ಕರೆಯುತ್ತಿದ್ದರು, ನಾನೂ ಓಗೊಡುತ್ತಿದ್ದೆ. ಬೈರಕೂರು, ತಾಯಲೂರು ಸಂತೆಗಳಲ್ಲಿ ನಶ್ಯ ಮಾರುವವನು ಬಾಯಿ ಮುಚ್ಚಿಕೊಂಡು ಕೂತರೆ ಕೊಳ್ಳುವವರು ಯಾರು? ಮಾತಾಡಬೇಕು, ಮಾತಾಡುತ್ತಾ ಆಡುತ್ತಾ ಒಂದಿಷ್ಟು ಬಣ್ಣ ಹತ್ತುತ್ತದೆ. ಮುಳಬಾಗಿಲಲ್ಲಿ ನಾಲ್ಕು ಹನಿ ಬಿದ್ದರೆ, ನಾನು ಊರು ಸೇರುವ ಹೊತ್ತಿಗೆ ಕೆರೆ ಕೋಡಿ ಹರಿದಿರುತ್ತಿತ್ತು. ಇದನ್ನೆಲ್ಲ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆದರೆ ಈಗ ಹೇಳುವುದರಲ್ಲಿ ಒಂದು ಅಕ್ಷರವೂ ನಾನು ಸೇರಿಸಿದ್ದಲ್ಲ.

ನಲವತ್ತೈದನೇ ಇಸವಿಯ ಬೇಸಿಗೆ. ಯುದ್ಧ ಇನ್ನೂ ಮುಗಿದಿರಲಿಲ್ಲ. ಕೋಲಾರದ ಹೊರಗಿನ ಬಯಲಲ್ಲಿ ದೊಡ್ಡ ದೊಡ್ಡ ವಿಮಾನಗಳು ಇಳಿದು ಏಳುತ್ತಿದ್ದವು. ಅಲ್ಲಿ ಬೀಡುಬಿಟ್ಟಿದ್ದ ಬಿಳಿಯರಲ್ಲಿ ಒಂದು ಗುಂಪು ಆಸ್ಟ್ರೇಲಿಯಾದವರದು. ನಮ್ಮೂರ ಮುನಿಶಾಮಮ್ಮಕ್ಕನ ಒಬ್ಬನೇ ಮಗ ಆಂಜಿನಪ್ಪ ಅವರ ಅಡುಗೆಮನೆಗೆ ತರಕಾರಿ ಹೊರುವ ಕೆಲಸಕ್ಕೆ ಸೇರಿದ್ದ. ಇಪ್ಪತ್ತು ವರ್ಷ, ಕುಳ್ಳು, ಒಣಕಲು ಮೈ, ಹತ್ತು ಕೇಳಿದರೆ ಒಂದು ಮಾತಾಡುವವನು.

ಆ ಆಸ್ಟ್ರೇಲಿಯಾದವರಿಗೆ ತಮ್ಮದೇ ಒಂದು ಫುಟ್‌ಬಾಲು. ಮುಳಬಾಗಿಲು ಸ್ಕೂಲಿನ ಬಯಲಲ್ಲಿ ನಾವು ಕಂಡ ಆಟ ಅದಲ್ಲ. ಚೆಂಡನ್ನು ಕಾಲಲ್ಲಿ ಒದೆಯಬಹುದು, ಕೈಯಲ್ಲಿ ಹಿಡಿಯಬಹುದು, ಹಿಡಿದುಕೊಂಡು ಓಡಬಹುದು, ಮುಷ್ಟಿಯಿಂದ ಗುದ್ದಿ ಜೊತೆಯವನಿಗೆ ದಾಟಿಸಬಹುದು. ಆ ಚೆಂಡೂ ಗುಂಡಗಿಲ್ಲ. ರೇಷ್ಮೆ ಗೂಡಿನ ಆಕಾರ. ನೆಲಕ್ಕೆ ಬಿದ್ದರೆ ಯಾವ ಕಡೆಗೆ ಎಗರುತ್ತದೋ ಒದ್ದವನಿಗೂ ಗೊತ್ತಾಗುವುದಿಲ್ಲ. ಒಂದು ದಿನ ಸೋರೆಕಾಯಿ ಬುಟ್ಟಿ ಹೊತ್ತು ಹೋಗುತ್ತಿದ್ದ ಆಂಜಿನಪ್ಪನ ಕಡೆಗೆ ಅದು ಕುಣಿಯುತ್ತಾ ಬಂತಂತೆ. ಇವನು ಬುಟ್ಟಿ ಇಳಿಸದೆಯೇ, ಅದು ಎಗರುವ ಕಡೆಗೆ ಮೊದಲೇ ಕೈ ಚಾಚಿ ಹಿಡಿದುಬಿಟ್ಟ. ಕೆಂಪು ಕೂದಲಿನ ಒಬ್ಬ ಸಾರ್ಜೆಂಟು ಅದನ್ನು ನೋಡಿ ಮತ್ತೆ ಎಸೆದ, ಮತ್ತೆ ಎಸೆದ. ಹತ್ತಕ್ಕೆ ಹತ್ತೂ ಹಿಡಿದನಂತೆ. ಅವರ ತಂಡಕ್ಕೆ ಹದಿನೆಂಟು ಜನ ಬೇಕು, ಇದ್ದದ್ದು ಹದಿನೇಳು. ಇವನನ್ನು ಸೇರಿಸಿಕೊಂಡರು. ಅದೂ ಎಲ್ಲೋ ಮೂಲೆಯಲ್ಲಲ್ಲ, ಮೈದಾನದ ನಟ್ಟನಡುವೆ. ಹಿಂದಿನವರಿಂದ ಇಸಕೊಂಡು ಮುಂದಿನವರಿಗೆ ಮುಟ್ಟಿಸುವ ಜಾಗ. ಆಟವೆಲ್ಲ ಅಲ್ಲಿಂದಲೇ ಹಾಯಬೇಕು.

ಸಂಕ್ರಾಂತಿ ಕಳೆದ ಮೇಲೆ ಹೊಗೆಸೊಪ್ಪು ತರಲು ಕೋಲಾರಕ್ಕೆ ಹೋದಾಗ ನಾನು ಬೇಲಿಯ ಆಚೆ ನಿಂತು ಅರ್ಧ ಗಂಟೆ ಆ ಆಟ ನೋಡಿದೆ. ಆ ಅರ್ಧ ಗಂಟೆಯನ್ನು ಊರಲ್ಲಿ ಮೂರು ತಿಂಗಳು ಹೇಳಿದೆ. ಗೂಡಿನ ಆಕಾರದ ಚೆಂಡು ಅಂದಾಗ ಗಾಡಿ ವೆಂಕಟರಾಯಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಆಂಜಿನಪ್ಪ ಊರಿಗೆ ಬಂದಾಗ ಅವನನ್ನೇ ಕೇಳಿದರು. “ಹೂಂ, ಹಂಗೇ ಇರ್ತದೆ” ಅಂದ. ಅಷ್ಟೇ ಸಾಕಾಯಿತು, ಊರಿಗೆ ಹುಚ್ಚು ಹಿಡಿಯಿತು. ಹುಡುಗರು ದೊಡ್ಡಗಂಗಮ್ಮನ ಹಿತ್ತಲ ಪರಂಗಿಕಾಯಿ ಕಿತ್ತು ಒದ್ದು ಒದ್ದು ಮರವನ್ನೇ ಬೋಳು ಮಾಡಿದರು, ಬೈಗುಳ ಬಿದ್ದದ್ದು ನನಗೆ. ರಾಗಿ ಬಡಿಯುವಾಗ, ಸೊಪ್ಪು ಕೊಯ್ಯುವಾಗ ಎಲ್ಲರ ಬಾಯಲ್ಲೂ ಆಂಜಿನಪ್ಪನೇ. ನಗಾಡಿದ ವೆಂಕಟರಾಯಪ್ಪನೇ ಯಾರಿಗೂ ಹೇಳದೆ ಹೋಗಿ ಕುರುಡುಮಲೆ ಗಣಪತಿಗೆ ಹರಕೆ ಕಟ್ಟಿಕೊಂಡು ಬಂದಿದ್ದ.

ಯುಗಾದಿಯಾದ ಮೇಲೆ ಸುದ್ದಿ ಬಂತು. ಬೆಂಗಳೂರಲ್ಲಿದ್ದ ಆಸ್ಟ್ರೇಲಿಯಾದವರಿಗೂ ಕೋಲಾರದವರಿಗೂ ಭಾನುವಾರ ಮಧ್ಯಾಹ್ನ ಮ್ಯಾಚು. ಆಮೇಲೆ ಅವರೆಲ್ಲ ಬರ್ಮಾ ಕಡೆಗೆ ಹೊರಡುತ್ತಾರೆ, ಇನ್ನು ಆಟವೇ ಇಲ್ಲ. ಊರಿಗೆ ಊರೇ ಹೊರಟು ನಿಂತಿತು. ಮುಳಬಾಗಿಲವರೆಗೆ ವೆಂಕಟರಾಯಪ್ಪನ ಎರಡು ಗಾಡಿ, ಅಲ್ಲಿಂದ ಕೋಲಾರಕ್ಕೆ ಪೆಟ್ರೋಲಿನ ಬದಲು ಇದ್ದಿಲಲ್ಲಿ ಓಡುವ ಬಸ್ಸು. “ನೀನು ಹೇಳಿದ್ರಲ್ಲಿ ಕಾಲು ಭಾಗ ನಿಜ ಇದ್ರೂ ಸಾಕು ಕಣೋ, ನನ್ನ ಕಣ್ಣಾರೆ ನೋಡ್ತೀನಿ” ಅಂದ ವೆಂಕಟರಾಯಪ್ಪ. ಮುನಿಶಾಮಮ್ಮಕ್ಕನೂ ಹೊರಟಿದ್ದಳು. ಮಗ ಆಡುವುದನ್ನು ಅವಳು ಒಂದು ಸಲವೂ ನೋಡಿರಲಿಲ್ಲ. ಅವಳನ್ನು ಕರೆದೊಯ್ಯಲೆಂದೇ ಆಂಜಿನಪ್ಪ ಶನಿವಾರ ಊರಿಗೆ ಬಂದಿದ್ದ.

ಭಾನುವಾರ ಬೆಳಗಾಗೆದ್ದು ನೋಡಿದರೆ ಮುನಿಶಾಮಮ್ಮಕ್ಕನ ಮನೆಯಲ್ಲಿ ಹುಳ ಹಣ್ಣಾಗಿದ್ದವು.

ಮಂಗಳವಾರ ಹಣ್ಣಾಗಬೇಕಾದ ರೇಷ್ಮೆ ಹುಳ, ಬಿಸಿಲ ಝಳಕ್ಕೆ ಎರಡು ದಿನ ಮುಂಚೆಯೇ ಸೊಪ್ಪು ತಿನ್ನುವುದು ಬಿಟ್ಟು, ಮೈ ಹಳದಿಯಾಗಿ, ತಲೆ ಎತ್ತಿ ಆಡಿಸುತ್ತಿದ್ದವು. ಅದೂ ನಲವತ್ತು ತಟ್ಟೆ ಒಟ್ಟಿಗೇ. ಹಣ್ಣಾದ ಹುಳವನ್ನು ಒಂದೊಂದಾಗಿ ಕೈಯಲ್ಲಿ ಆರಿಸಿ, ಬಿದಿರಿನ ಚಂದ್ರಿಕೆಗಳ ಮೇಲೆ ಬಿಡಬೇಕು. ಅಲ್ಲೇ ಅವು ಗೂಡು ಕಟ್ಟುವುದು. ಹೊತ್ತು ಮೀರಿದರೆ ಕಸದಲ್ಲೇ ನೂಲು ಬಿಟ್ಟು ಬೆಳೆ ಪೂರಾ ಹಾಳು. ಆ ಬೆಳೆ ಬಿಟ್ಟರೆ ಅಕ್ಕನ ಮನೆಗೆ ಬೇರೆ ಗತಿಯಿರಲಿಲ್ಲ.

“ನೀನು ಹೋಗಪ್ಪ, ನಾನು ಆದಷ್ಟು ಆರಿಸ್ತೀನಿ” ಅಂದಳು ಅಕ್ಕ.

“ಒಬ್ಬಳ ಕೈಲಿ ಆಗಲ್ಲಮ್ಮ. ನಾನು ಹೋಗಲ್ಲ” ಅಂದ ಆಂಜಿನಪ್ಪ. ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ತಟ್ಟೆಯ ಮುಂದೆ ಕೂತುಬಿಟ್ಟ. ಬಾಗಿಲ ಹೊರಗೆ ನಾವು ಇಪ್ಪತ್ತು ಮೂವತ್ತು ಜನ ಬುತ್ತಿಗಂಟು ಹಿಡಿದುಕೊಂಡು ನಿಂತಿದ್ದೆವು.

ವೆಂಕಟರಾಯಪ್ಪ ಹೋಗಿ ಗಾಡಿಯ ಎತ್ತು ಬಿಚ್ಚಿದ. ವಾಪಸ್ ಬಂದು ಕೈ ತೊಳೆದುಕೊಂಡ. “ಲೇ ಆಂಜಿನಪ್ಪ, ಏಳೋ ಮೇಲೆ. ಹುಳ ಆರಿಸೋಕೆ ಬೇಕಾಗಿರೋದು ಕೈ, ಅದು ನಮ್ಮೆಲ್ಲರಿಗೂ ಇದೆ. ಅಲ್ಲಿ ಬೇಕಾಗಿರೋನು ನೀನು.”

“ಮತ್ತೆ ನೀವು ನೋಡೋದು?” ಅಂದ ಆಂಜಿನಪ್ಪ.

“ನೋಡಿದ್ರೆ ಎಷ್ಟು, ಬಿಟ್ರೆ ಎಷ್ಟು” ಅಂದ ವೆಂಕಟರಾಯಪ್ಪ. ಆ ಮಾತು ಹೇಳುವಾಗ ಅವನ ಮುಖ ನೋಡಲಾಗುತ್ತಿರಲಿಲ್ಲ. ಮೂರು ತಿಂಗಳಿಂದ ಬೇರೇನೂ ಯೋಚಿಸದ ಮನುಷ್ಯ. ಒಬ್ಬೊಬ್ಬರಾಗಿ ಎಲ್ಲರೂ ಬುತ್ತಿ ಕೆಳಗಿಟ್ಟು, ಕೈ ತೊಳೆದು ಒಳಗೆ ಹೋದರು. ನನಗೂ ತಡೆಯಲಾಗಲಿಲ್ಲ, ತೋಳು ಮೇಲೇರಿಸಿ ಹೊಸಿಲಿಗೆ ಕಾಲಿಟ್ಟೆ.

ದೊಡ್ಡಗಂಗಮ್ಮ ಪೊರಕೆ ಹಿಡಿದು ಅಡ್ಡ ಬಂದಳು. “ಅಯ್ಯೋ ನಾಯನಾ, ನೀನು ಒಳಗೆ ಬಂದ್ರೆ ಹುಳ ಉಳಿದಂಗೇ! ನಡಿ ಆಚೆ!”

ಅವಳು ಹೇಳಿದ್ದು ಸರಿಯೇ. ಹೊಗೆಸೊಪ್ಪಿನ ಗಾಳಿ ಸೋಕಿದರೂ ರೇಷ್ಮೆ ಹುಳ ಸಾಯುತ್ತದೆ. ನನ್ನ ಬೆರಳು, ಟವೆಲ್ಲು, ಉಸಿರು ಎಲ್ಲ ನಶ್ಯವೇ. ಹುಳ ಇರುವ ಕಾಲದಲ್ಲಿ ಯಾರೂ ನನ್ನನ್ನು ಜಗುಲಿಗೂ ಸೇರಿಸುತ್ತಿರಲಿಲ್ಲ. ಹೀಗಾಗಿ, ಇಡೀ ಊರಲ್ಲಿ ಮ್ಯಾಚಿಗೆ ಹೋಗಲು ಉಳಿದವನು ನಾನೊಬ್ಬನೇ.

ಮುನಿಶಾಮಮ್ಮಕ್ಕ ಹೊರಗೆ ಬಂದು ಬೀದಿಯ ಆ ಪಕ್ಕದಿಂದಲೇ ಕೈಮುಗಿದಳು. ನನಗೆ ಕೈಮುಗಿದವರು ಅದುವರೆಗೆ ಯಾರೂ ಇರಲಿಲ್ಲ. “ಕದಿರಪ್ಪ, ನಮ್ಮೆಲ್ಲರ ಕಣ್ಣು ನೀನೇ ಈಗ. ಏನೂ ಸೇರಿಸಬೇಡ. ಏನೂ ಬಿಡಬೇಡ. ಕಂಡಿದ್ದನ್ನ ಕಂಡಂಗೆ ತಂದು ಹೇಳು.”

“ಆಯ್ತಕ್ಕ” ಅಂದೆ. ಆಂಜಿನಪ್ಪ ಅಂಗಿ ತೊಟ್ಟು ಬಂದ, ಇಬ್ಬರೂ ಮುಳಬಾಗಿಲವರೆಗೆ ನಡೆದು ಬಸ್ಸು ಹಿಡಿದೆವು.

ಮ್ಯಾಚು ಮೂರೂವರೆಗೆ ಶುರುವಾಯಿತು. ಮೈದಾನದ ಎರಡು ಕೊನೆಗೂ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಚೆಂಡು ಹೋದರೆ ಆರು ಪಾಯಿಂಟು, ಪಕ್ಕದಲ್ಲಿ ಹೋದರೆ ಅಥವಾ ಕಂಬಕ್ಕೆ ತಗುಲಿದರೆ ಒಂದೇ. ಬೂಟು ಹಾಕಿದ ಮೂವತ್ತೈದು ಜನ ಆಳೆತ್ತರದ ಬಿಳಿಯರ ನಡುವೆ ಬರಿಗಾಲಿನ ಆಂಜಿನಪ್ಪ. ಬೆಂಗಳೂರಿನವರು ಅವನನ್ನು ಕಾಯಲು ಇಬ್ಬರನ್ನು ಬಿಟ್ಟಿದ್ದರು. ಒಬ್ಬ ತಳ್ಳಿದರೆ ಇನ್ನೊಬ್ಬ ಕೆಡವುತ್ತಿದ್ದ. ಇವನು ಏಳುತ್ತಿದ್ದ, ಮಣ್ಣು ಒರೆಸಿಕೊಳ್ಳದೆ ಓಡುತ್ತಿದ್ದ. ಚೆಂಡು ನೆಲಕ್ಕೆ ಬಡಿದಾಗೆಲ್ಲ ಎಲ್ಲರೂ ಒಂದು ಕಡೆ ನುಗ್ಗಿದರೆ ಇವನು ಇನ್ನೊಂದು ಕಡೆ. ಅದು ಎಗರಿ ಬಂದು ಇವನ ಕೈಯಲ್ಲೇ ಕೂರುತ್ತಿತ್ತು. ನನ್ನ ಪಕ್ಕ ನಿಂತಿದ್ದ ಕ್ಯಾಂಪಿನ ಅಡುಗೆಯವರು ಕೂಗಿ ಕೂಗಿ ಗಂಟಲು ಕೆಡಿಸಿಕೊಂಡರು. ನಾನು ಕೂಗಲೂ ಇಲ್ಲ. ಒಂದನ್ನೂ ಬಿಡಬಾರದೆಂದು ನೋಡುತ್ತಲೇ ಇದ್ದೆ.

ಕೊನೆಗೆ ನಮ್ಮವರು ಎರಡು ಪಾಯಿಂಟು ಹಿಂದಿದ್ದರು. ಗಡಿಯಾರ ನೋಡುವವನು ಸೀಟಿ ಬಾಯಿಗಿಟ್ಟುಕೊಂಡಿದ್ದ. ಆಗ ಯಾರೋ ಒದ್ದ ಚೆಂಡು ಮೇಲಕ್ಕೆ, ತೀರಾ ಮೇಲಕ್ಕೆ ಹೋಯಿತು. ಕೆಳಗೆ ಅವರ ಕಡೆಯ ಅತಿ ಎತ್ತರದವನು ಕೈ ಚಾಚಿ ನಿಂತಿದ್ದ. ಹಿಂದಿನಿಂದ ಆಂಜಿನಪ್ಪ ಓಡಿ ಬಂದ. ಆ ಎತ್ತರದವನ ಬೆನ್ನಿಗೆ ಒಂದು ಮೊಣಕಾಲು ಊರಿದ, ಹೆಗಲ ಮೇಲೆ ಒಂದು ಪಾದ ಇಟ್ಟ, ಅಲ್ಲಿಂದಲೂ ಮೇಲೆದ್ದ. ಬೇಲಿಯ ಹತ್ತಿರ ನಿಂತ ನನಗೆ ಅವನ ಇನ್ನೊಂದು ಕಾಲಿನ ಅಂಗಾಲು ಕಾಣಿಸಿತು. ಬಿರುಕಿನಲ್ಲಿ ಸೇರಿದ್ದ ಕೆಮ್ಮಣ್ಣೂ ಕಾಣಿಸಿತು. ಅಷ್ಟು ಹೊತ್ತು ಮನುಷ್ಯ ಗಾಳಿಯಲ್ಲಿ ನಿಲ್ಲಬಹುದು ಅಂತ ನನಗೆ ಗೊತ್ತಿರಲಿಲ್ಲ. ಕೆಳಗಿಳಿದಾಗ ಚೆಂಡು ಅವನ ಎದೆಯ ಮೇಲಿತ್ತು. ಮೂಗಿಗೆ ಏರಿಸಲೆಂದು ತೆಗೆದ ಚಿಟಿಕೆ ನಶ್ಯ ನನ್ನ ಬೆರಳಲ್ಲೇ ಉಳಿದಿತ್ತು.

ಹಾಗೆ ಹಿಡಿದವನಿಗೆ ಯಾರೂ ಅಡ್ಡ ಬರದಂತೆ ಒಂದು ಸಲ ಒದೆಯಲು ಬಿಡುವುದು ಅವರ ಪದ್ಧತಿ. ಸೀಟಿ ಕೂಗಿತು, ಹೊತ್ತು ಮುಗಿಯಿತು, ಅದೊಂದು ಒದೆತ ಬಾಕಿ. ನಡುವೆ ಹೋದರೆ ಗೆಲುವು. ಆಂಜಿನಪ್ಪ ಒದ್ದ. ಚೆಂಡು ನೆಟ್ಟಗೆ ಹೋಗಿ ನಡುವಿನ ಕಂಬದ ಅಂಚಿಗೆ ಬಡಿಯಿತು. ಒಂದೇ ಪಾಯಿಂಟು. ಒಂದೇ ಪಾಯಿಂಟಿನಿಂದ ಸೋತರು.

ಅವನು ಅಲ್ಲೇ ಕುಸಿದು ಕೂತ. ಆಗ, ಯಾರ ಹೆಗಲ ಮೇಲೆ ಹತ್ತಿದ್ದನೋ ಆ ಎತ್ತರದವನೇ ಬಂದು, ಬಗ್ಗಿ, ಅದೇ ಹೆಗಲ ಮೇಲೆ ಅವನನ್ನು ಕೂರಿಸಿಕೊಂಡ. ಎರಡೂ ಕಡೆಯವರು ಚಪ್ಪಾಳೆ ತಟ್ಟುತ್ತಾ ಮೈದಾನ ಪೂರ್ತಿ ಸುತ್ತಿಸಿದರು. ಗೆದ್ದವರು ಸೋತವನನ್ನು ಹೊತ್ತು ಮೆರೆಸುವುದನ್ನು ನಾನು ಎಲ್ಲೂ ಕಂಡಿರಲಿಲ್ಲ.

ಆಮೇಲೆ ಆಂಜಿನಪ್ಪ ಬೇಲಿಯ ಹತ್ತಿರ ಬಂದ. ಕಣ್ಣು ಕೆಂಪಾಗಿತ್ತು. “ಮಾವ, ಊರವರೆಲ್ಲ ನನಗೋಸ್ಕರ ಮ್ಯಾಚು ಬಿಟ್ಟು ನಿಂತರು. ನಾನು ಹೋಗಿ ಕಂಬಕ್ಕೆ ಒದ್ದೆ.” ಬೇಲಿಯ ಮೇಲಿಂದ ನನ್ನ ಕೈ ಹಿಡಿದುಕೊಂಡ. “ಗೆದ್ವಿ ಅಂತ ಹೇಳ್ಬಿಡು ಮಾವ. ಇದೊಂದು ಸಲ.”

ಸುಳ್ಳು ಹೇಳಬೇಡ ಅಂತ ನನಗೆ ಊರೆಲ್ಲ ಬುದ್ಧಿ ಹೇಳಿತ್ತು. ಸುಳ್ಳು ಹೇಳು ಅಂತ ಬೇಡಿಕೊಂಡವನು ಅವನೊಬ್ಬನೇ.

ಆಂಜಿನಪ್ಪ ಕ್ಯಾಂಪಿನಲ್ಲೇ ಉಳಿದ, ನಾನು ಸೋಮವಾರ ಮೊದಲ ಬಸ್ಸು ಹಿಡಿದೆ, ಮುಳಬಾಗಿಲಿಂದ ನಡೆದೆ. ಊರು ಸೇರುವ ಹೊತ್ತಿಗೆ ಅಕ್ಕನ ಮನೆ ಮುಂದೆ ಚಂದ್ರಿಕೆಗಳು ಸಾಲಾಗಿ ನಿಂತಿದ್ದವು. ಒಂದು ಹುಳವೂ ಹಾಳಾಗಿರಲಿಲ್ಲ, ಎಲ್ಲ ನೂಲು ಬಿಡುತ್ತಿದ್ದವು. ಜನ ಆಗಲೇ ಸೇರಿದ್ದರು. ನಾನು ಹತ್ತಿರ ಹೋಗುವ ಹಾಗಿಲ್ಲ. ಬೀದಿಯ ಈಚೆ ಹೊಂಗೆ ಮರದ ಕೆಳಗೆ ನಿಂತು, ಗಾಳಿ ಆ ಕಡೆಗೆ ಬೀಸುತ್ತಿಲ್ಲ ಅಂತ ನೋಡಿಕೊಂಡು, ಕೂಗಿ ಕೂಗಿ ಹೇಳತೊಡಗಿದೆ.

ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಇಬ್ಬರು ಕಾವಲಿದ್ದದ್ದು, ಬಿದ್ದು ಎದ್ದದ್ದು. ಕಣ್ಣರಳಿಸಿ ಕೇಳಿದರು. ಬಿಳಿಯನ ಹೆಗಲ ಮೇಲೆ ಕಾಲಿಟ್ಟು ಮೇಲೆದ್ದ ಅಂದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದೇ ಹೆಗಲ ಮೇಲೆ ಹೊತ್ತು ಮೆರೆಸಿದರು ಅಂದಾಗ ವೆಂಕಟರಾಯಪ್ಪ ನಕ್ಕುಬಿಟ್ಟ. ನಶ್ಯ ಬೆರಳಲ್ಲೇ ಉಳಿಯಿತು ಅಂದಾಗ, “ಬೇರೆ ಏನನ್ನಾದ್ರೂ ನಂಬಬಹುದು ಕಣೋ, ಇದನ್ನ ಮಾತ್ರ ಆಗಲ್ಲ” ಅಂದ. ಎಲ್ಲರೂ ನಕ್ಕರು. ಆದರೆ ಅದು ಸಂತೋಷದ ನಗುವಲ್ಲ. ದಿನವೆಲ್ಲ ಬಗ್ಗಿ ಹುಳ ಆರಿಸಿ ಸೊಂಟ ಹಿಡಿದುಹೋದವರಿಗೆ ಕೊನೆಗೆ ಸಿಕ್ಕಿದ್ದು ಕದಿರಪ್ಪನ ಬುರುಡೆ ಅಂತ ಬೇಸರ.

ಮುನಿಶಾಮಮ್ಮಕ್ಕ ನಗಲಿಲ್ಲ. “ಕೈಮುಗಿದು ಕೇಳಿದ್ದೆ ನಿನ್ನ” ಅಂದಳು. ನನ್ನ ಮೈ ಉರಿದುಹೋಯಿತು. ಜೀವಮಾನದಲ್ಲಿ ಒಂದು ಸಲ ನಿಜ ತಂದಿದ್ದೇನೆ, ಅದೇ ಹೀಗೆ! ಅಷ್ಟರಲ್ಲಿ ವೆಂಕಟರಾಯಪ್ಪ ಕೇಳಿದ: “ಹೋಗ್ಲಿ ಬಿಡೋ, ಗೆದ್ವಿ ತಾನೇ?”

ಹೂಂ ಅನ್ನಬಹುದಿತ್ತು. ಅಷ್ಟನ್ನು ನಂಬಿ ಎಲ್ಲರೂ ಖುಷಿಯಾಗಿ ಮನೆಗೆ ಹೋಗುತ್ತಿದ್ದರು. ಆಂಜಿನಪ್ಪನ ಕೆಂಪು ಕಣ್ಣು ನೆನಪಾಯಿತು. ಎದುರಿಗೆ ಅವನ ತಾಯಿ ನಿಂತಿದ್ದಳು.

“ಇಲ್ಲ. ಸೋತ್ವಿ” ಅಂದೆ. “ಒಂದು ಪಾಯಿಂಟಿಂದ. ಕೊನೇ ಒದೆತ ಆಂಜಿನಪ್ಪಂದೇ. ಕಂಬಕ್ಕೆ ಬಿತ್ತು.”

ವೆಂಕಟರಾಯಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ಅವನ ನಗು ಆರಿಹೋಗಿತ್ತು. “ಇವನು ಯಾವತ್ತೂ ಸೋತ ಸುದ್ದಿ ತಂದೋನಲ್ಲ” ಅಂದ ಮೆಲ್ಲಗೆ.

“ಹಂಗಾದ್ರೆ ನಾಯನಾ,” ಅಂದಳು ದೊಡ್ಡಗಂಗಮ್ಮ, “ಹೆಗಲ ಮೇಲೆ ಹತ್ತಿದ್ದು?”

ನಾನು ಉತ್ತರ ಕೊಡುವ ಮೊದಲೇ ಮುನಿಶಾಮಮ್ಮಕ್ಕ ಬೀದಿ ದಾಟಿ ನನ್ನ ಹತ್ತಿರಕ್ಕೇ ಬಂದಳು. ಇನ್ನು ಸ್ನಾನ ಮಾಡದೆ ಹುಳದ ಹತ್ತಿರ ಹೋಗುವ ಹಾಗಿರಲಿಲ್ಲ, ಅದು ಅವಳಿಗೆ ಗೊತ್ತಿತ್ತು. “ಅಂಗಾಲು ಕಾಣ್ತು ಅಂದ್ಯಲ್ಲ ಕದಿರಪ್ಪ. ಎಷ್ಟು ಎತ್ತರದಲ್ಲಿತ್ತು?”

ನನ್ನ ಮೂಗಿನ ಮಟ್ಟಕ್ಕೆ ಕೈ ಹಿಡಿದು ತೋರಿಸಿದೆ. ಒಂದು ಬೆರಳೂ ಹೆಚ್ಚಿಲ್ಲ.

“ಮತ್ತೆ ಕೈ?”

ಸುತ್ತ ನೋಡಿದೆ. ಹೊಂಗೆ ಮರದ ಎರಡನೇ ಕೊಂಬೆ ಸರಿಯಾಗಿ ಅಷ್ಟೇ ಎತ್ತರದಲ್ಲಿತ್ತು. ಅದನ್ನು ತೋರಿಸಿದೆ. ಅಕ್ಕ ಕತ್ತೆತ್ತಿ ಆ ಕೊಂಬೆಯನ್ನೇ ನೋಡುತ್ತಾ ನಿಂತಳು. ವೆಂಕಟರಾಯಪ್ಪ ಬಂದ, ದೊಡ್ಡಗಂಗಮ್ಮ ಬಂದಳು, ಆಮೇಲೆ ಉಳಿದವರೆಲ್ಲ ಬೀದಿ ದಾಟಿ ಬಂದರು. ಎಲ್ಲರೂ ನನ್ನ ಸುತ್ತ ನಿಂತು, ಕತ್ತೆತ್ತಿ, ಏನೂ ಇಲ್ಲದ ಆ ಕೊಂಬೆಯನ್ನು ನೋಡಿದರು.